ಪದ್ಮಿನಿಯ ತವರು

ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಗ್ಯಾರೇಜೊಂದಕ್ಕೆ ಸೇರಿದಾಗ ನನ್ನ ಕೈಗೆ ಮೊದಲು ಬಂದದ್ದು ಫಿಯೆಟ್ ಇಂಜಿನ್ನಿನ ಅಲ್ಯೂಮಿನಿಯಂ ಹೆಡ್ಡು. ಜೊತೆಗೆ ಒಂದು ಚೂರು ಎಮರಿ ಪೇಪರ್. ಗಾಳಿ ಒಳಗೆ ಹೋಗುವ ದಾರಿಯಲ್ಲಿ ಅಚ್ಚಿನ ಒರಟು ಎಲ್ಲೆಲ್ಲಿ ಉಳಿದಿದೆಯೋ ಅದನ್ನೆಲ್ಲ ಬೆರಳಲ್ಲಿ ತಡವಿ ನೋಡಿ ಉಜ್ಜಬೇಕು. ಎರಡು ದಿನ ಅದೇ ಕೆಲಸ. "ಪೆಟ್ರೋಲ್ ಜಾಸ್ತಿ ಸುರಿದ್ರೆ ಗಾಡಿ ಓಡಲ್ಲ ಕಣೋ, ಮೊದ್ಲು ಇದಕ್ಕೆ ಉಸಿರು ಬಿಡಿಸ್ಬೇಕು" ಅಂದಿದ್ದರು ನಮ್ಮ ಮೇಸ್ತ್ರಿ. ಸಣ್ಣ ಇಂಜಿನ್ನಿನ ಬಗ್ಗೆ ಆಮೇಲೆ ನಾನು ಕಲಿತದ್ದೆಲ್ಲ ಆ ಒಂದು ಮಾತಿನ ವಿಸ್ತಾರ.

ಆ ಹೆಡ್ಡಿನ ಕೆಳಗಿದ್ದ ಬ್ಲಾಕಿನ ಅಳತೆ ಇವತ್ತೂ ಬಾಯಲ್ಲಿದೆ. ಬೋರು (ಸಿಲಿಂಡರಿನ ಒಳ ಅಗಲ) 68 ಮಿ.ಮೀ., ಸ್ಟ್ರೋಕು (ಪಿಸ್ಟನ್ ಓಡುವ ದೂರ) 75 ಮಿ.ಮೀ., ನಾಲ್ಕು ಸಿಲಿಂಡರು, 1089 ಸಿಸಿ. ಮದುವೆ ಮನೆಗೆ ಹೋಗುವ, ಲಗೇಜು ಹೇರಿಕೊಂಡು ಧರ್ಮಸ್ಥಳದ ಘಾಟಿ ಹತ್ತುವ ಸಂಸಾರದ ಗಾಡಿಯ ಇಂಜಿನ್ನು. ಇದಕ್ಕೆ ಇಟಲಿಯಲ್ಲೊಂದು ರೇಸಿನ ಚರಿತ್ರೆಯಿದೆ ಎಂದು ಗೊತ್ತಾದದ್ದು ನನ್ನ ಕೂದಲು ನರೆತ ಮೇಲೆ. ಅವತ್ತಿನಿಂದ ಆ ಇಂಜಿನ್ನನ್ನು ನಾನು ನೋಡುವ ರೀತಿಯೇ ಬದಲಾಯಿತು.

ಅದು ಹುಟ್ಟಿದ್ದು ಇಟಲಿಯಲ್ಲಿ, 1937ರ ಫಿಯೆಟ್ 508 ಸಿ ಕಾರಿಗಾಗಿ. ಅದರ ವಿನ್ಯಾಸದ ಹಿಂದಿದ್ದವರು ದಾಂತೆ ಜಾಕೋಸಾ. ಶಕ್ತಿ ಬರೀ 32 ಕುದುರೆ. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿನವರ ಬಳಿ ದುಡ್ಡಿರಲಿಲ್ಲ, ಹೊಸ ರೇಸ್ ಇಂಜಿನ್ ಮಾಡುವ ಸಾಮಾನೂ ಇರಲಿಲ್ಲ. ಇದ್ದದ್ದು ಫಿಯೆಟ್‌ನ ಬಿಡಿಭಾಗ, ಜೊತೆಗೆ ಕೈಕೆಲಸ ಬಲ್ಲ ಜನ. ಹಿಂದೆ ಯುವೆಂತುಸ್ ತಂಡಕ್ಕೆ ಕಾಲ್ಚೆಂಡಾಡಿದ್ದ, ಆಮೇಲೆ ಜವಳಿ ವ್ಯಾಪಾರದಲ್ಲಿ ಹಣ ಮಾಡಿದ್ದ ಟ್ಯೂರಿನ್‌ನ ಪಿಯೆರೊ ದೂಸಿಯೊಗೆ ಒಂದೇ ನಮೂನೆಯ ಅಗ್ಗದ ರೇಸ್ ಕಾರುಗಳನ್ನು ಕಟ್ಟುವ ಆಸೆ. ಫಿಯೆಟ್‌ನ ನೌಕರಿಯಲ್ಲಿದ್ದುಕೊಂಡೇ ಜಾಕೋಸಾ ಅದರ ನಕ್ಷೆ ಬರೆದುಕೊಟ್ಟರು. 1946ರಲ್ಲಿ ಹೊರಬಂದ ಆ ಒಂಟಿ ಸೀಟಿನ ಕಾರೇ ಚಿಸಿತಾಲಿಯಾ ಡಿ 46.

ಆ ಕಾರಿನಲ್ಲಿ ಇದೇ 1089 ಸಿಸಿ ಇಂಜಿನ್ನು 60 ಕುದುರೆಯ ಆಸುಪಾಸಿಗೆ ಏರಿತು. ಹೆಚ್ಚುಕಡಿಮೆ ದುಪ್ಪಟ್ಟು! ಮಾಡಿದ್ದು ನಾವು ಗಲ್ಲಿಯಲ್ಲಿ ಮಾಡುತ್ತಿದ್ದ ಜಾತಿಯ ಕೆಲಸವನ್ನೇ, ಆದರೆ ಲೆಕ್ಕ ಹಾಕಿ, ಕೊನೆಯವರೆಗೆ: ಕಂಪ್ರೆಷನ್ ಏರಿಸುವುದು, ಗಾಳಿ ಸಲೀಸಾಗಿ ಒಳಹೊಕ್ಕು ಹೊರಬೀಳುವಂತೆ ಮಾಡುವುದು, ಹೆಚ್ಚು ಸುತ್ತು ತಿರುಗಿದರೂ ಬೇರಿಂಗು ಒಣಗದಂತೆ ನೋಡಿಕೊಳ್ಳುವುದು. ಆಯಿಲನ್ನು ತಳದ ಸಂಪಿನಲ್ಲಿ ಬಿಡದೆ ಬೇರೆ ಟ್ಯಾಂಕಿನಲ್ಲಿಟ್ಟರು. ಇದರಿಂದ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪು ಬರಿದಾಗುವುದು ತಪ್ಪಿತು, ಇಂಜಿನ್ನನ್ನೂ ತಗ್ಗಿಸಿ ಕೂರಿಸಬಹುದಾಯಿತು. ಇಡೀ ಕಾರಿನ ತೂಕ 400 ಕಿಲೋ ಒಳಗೆ. ಇದೇ ಇಂಜಿನ್ನಿನ ನಮ್ಮ ಪದ್ಮಿನಿ ಕಾರು ಅದರ ಎರಡರಷ್ಟಕ್ಕಿಂತ ಹೆಚ್ಚು ತೂಗುತ್ತದೆ. ವೇಗ ಬೇಕೆಂದು ಬರುವ ಹುಡುಗರು ಕಾರ್ಬೊರೇಟರನ್ನಷ್ಟೇ ಕೇಳುತ್ತಾರೆ, ತೂಕ ಇಳಿಸುವ ಮಾತು ಒಬ್ಬರೂ ಎತ್ತುವುದಿಲ್ಲ.

ಮರುವರ್ಷ, 1947ರ ಜೂನ್‌ನಲ್ಲಿ, ಬ್ರೆಶಾದಿಂದ ಹೊರಟು ಬ್ರೆಶಾಕ್ಕೇ ಮರಳುವ ಸುಮಾರು 1800 ಕಿ.ಮೀ.ಗಳ ಮಿಲ್ಲೆ ಮಿಲ್ಯಾ ರೇಸು. ಇದೇ ಇಂಜಿನ್ನಿನ, ಚಿಸಿತಾಲಿಯಾದ ಮುಚ್ಚಿಗೆಯಿಲ್ಲದ 202 ಕಾರಿನಲ್ಲಿ ಕೂತಿದ್ದವರು ಇಟಲಿಯ ಹೆಸರಾಂತ ರೇಸುಗಾರ ತಾಜಿಯೊ ನುವೊಲಾರಿ. ವಯಸ್ಸು 54, ಆರೋಗ್ಯ ಕೆಟ್ಟಿತ್ತು. ಎದುರಾಳಿ ಬಿಯೊಂದೆತ್ತಿಯದು ಎಂಟು ಸಿಲಿಂಡರಿನ 2.9 ಲೀಟರ್ ಆಲ್ಫಾ ರೋಮಿಯೊ. ಆದರೂ ನುವೊಲಾರಿ ಮುಂದಿದ್ದರು. ಕೊನೆಯ ಘಟ್ಟದಲ್ಲಿ ಜಡಿಮಳೆ ಸುರಿದು ಇಗ್ನಿಷನ್ನಿಗೆ ನೀರು ಹೊಕ್ಕಿತು, ಗಾಡಿ ನಿಂತಿತು, ಮುನ್ನಡೆ ಹೋಯಿತು. ಕಾಲು ಗಂಟೆಯ ಅಂತರದಲ್ಲಿ ಎರಡನೆಯ ಸ್ಥಾನ. ಮೂರನೆಯದೂ ನಾಲ್ಕನೆಯದೂ ಚಿಸಿತಾಲಿಯಾಗಳೇ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪು ಬಿಚ್ಚಿ ಬನಿಯನ್ ಬಟ್ಟೆಯಲ್ಲಿ ಒರೆಸಿದ ಯಾರಿಗೇ ಆದರೂ ಆ ಸಂಕಟ ಹೊಟ್ಟೆಗೆ ತಟ್ಟುತ್ತದೆ.

ದೂಸಿಯೊನ ಚಿಸಿತಾಲಿಯಾ ಕಂಪನಿ ಬಹಳ ದಿನ ಬಾಳಲಿಲ್ಲ. ಅಲ್ಲಿ ದುಡಿದಿದ್ದ ಕಾರ್ಲೊ ಅಬಾರ್ತ್ 1949ರಲ್ಲಿ ಸ್ವಂತ ಕಂಪನಿ ತೆರೆದು, ಸಣ್ಣ ಕಾರುಗಳಿಗೆ ಸೈಲೆನ್ಸರ್ ಮಾರಿ ಹೆಸರು ಮಾಡಿದರು. ಹೊಗೆ ಹೊರಹೋಗುವ ದಾರಿಯೂ ಉಸಿರೇ ತಾನೆ. ಇತ್ತ ಮೊದೆನಾದ ಸ್ತಾಂಗ್ವೆಲ್ಲೀನಿ ಕಾರ್ಖಾನೆ ಫಿಯೆಟ್ 1100 ಇಂಜಿನ್ನನ್ನು ಬಿಡಲಿಲ್ಲ. ಮಾರಾಟದ ಕಾರಿನ ಇಂಜಿನ್ನೇ ಇರಬೇಕು, 1100 ಸಿಸಿ ಮೀರಬಾರದು ಎಂಬ ನಿಯಮದ ಫಾರ್ಮುಲಾ ಜೂನಿಯರ್ ರೇಸು 1958ರಲ್ಲಿ ಇಟಲಿಯಲ್ಲಿ ಶುರುವಾದಾಗ ಮೊದಲೆರಡು ವರ್ಷ ಅವರದೇ ದರ್ಬಾರು. 1960ರಲ್ಲಿ ಇಂಗ್ಲೆಂಡಿನ ಲೋಟಸ್ ಬಂತು. ಅದರ ಫೋರ್ಡ್ ಇಂಜಿನ್ನಿನ ಬೋರು 81 ಮಿ.ಮೀ., ಸ್ಟ್ರೋಕು ಬರೀ 48.4. ಪಿಸ್ಟನ್ ಓಡುವ ದೂರ ಕಡಿಮೆಯಾದಷ್ಟೂ ಇಂಜಿನ್ನು ಹೆಚ್ಚು ಸುತ್ತು ತಾಳಿಕೊಳ್ಳುತ್ತದೆ. 75ರ ಸ್ಟ್ರೋಕಿನ ಫಿಯೆಟ್ ಸೋತಿತು.

ಆ ಹೊತ್ತಿಗೆ ಅದು ನಮ್ಮ ನಾಡಿಗೆ ಬಂದಾಗಿತ್ತು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1950ರ ದಶಕದಿಂದ ಫಿಯೆಟ್ 1100 ತಯಾರಿಸಿತು. 1970ರ ದಶಕದಲ್ಲಿ ಹೆಸರು ಪದ್ಮಿನಿಯಾಯಿತು. ಎಷ್ಟೋ ವಿವರಗಳು ಬದಲಾದರೂ 68 ಮತ್ತು 75 ಬದಲಾಗಲಿಲ್ಲ. ಮದರಾಸಿನ ಹತ್ತಿರದ ಶೋಳಾವರಂ ರೇಸಿಗೆ ಹೊರಟ ಫಿಯೆಟ್‌ಗಳ ಹೆಡ್ಡನ್ನು ನಾವೂ ತಯಾರು ಮಾಡಿದ್ದುಂಟು. ಒಂದು ಸಲ ಗಿರಾಕಿಯ ಅವಸರಕ್ಕೆ ಮಣಿದು ಅಳೆಯದೆ ಎರಡನೇ ಬಾರಿ ಹೆಡ್ ಸ್ಕಿಮ್ಮಿಂಗ್ ಮಾಡಿಸಿ ಅದರ ತಳ ಕೆತ್ತಿಸಿದೆ. ಕಂಪ್ರೆಷನ್ ಅತಿಯಾಗಿ, ಅಂದಿನ ಪೆಟ್ರೋಲಿಗೆ ಇಂಜಿನ್ ಟಕಟಕ ಹೊಡೆದು, ನಂದಿಬೆಟ್ಟದ ಅರ್ಧ ದಾರಿಯಲ್ಲಿ ಗ್ಯಾಸ್ಕೆಟ್ ಹಾರಿತು. ತೆಗೆದ ಲೋಹವನ್ನು ಮತ್ತೆ ಹಾಕಲಾಗದು. ಉಸಿರು ಬಿಡಿಸುವುದು ಮೊದಲು, ಹೆಡ್ ಕೆತ್ತಿಸುವುದು ಕೊನೆಗೆ. ಈ ವಿಷಯದಲ್ಲಿ ಮೇಸ್ತ್ರಿಯ ಮಾತೇ ಸರಿ.

ನಿಮ್ಮ ಮನೆಯ ಷೆಡ್ಡಿನಲ್ಲಿ ಪದ್ಮಿನಿ ನಿಂತಿದ್ದರೆ ದಯವಿಟ್ಟು ಅದರ ಬ್ಲಾಕನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ, ಡೀಸೆಲ್ ಇಂಜಿನ್ ಕೂರಿಸಲು ಕಿತ್ತೆಸೆಯಲೂ ಬೇಡಿ. ಬೋರು ಸವೆದಿದ್ದರೆ ಓವರ್‌ಸೈಜ್ ಪಿಸ್ಟನ್ ಹಾಕಿಸಿ, ವಾಲ್ವು ಕೂರಿಸಿ, ಹೆಡ್ಡನ್ನು ಅಳೆಸಿಯೇ ಮುಟ್ಟಿಸಿ. ನುವೊಲಾರಿ ಓಡಿಸಿದ ಇಂಜಿನ್ನಿನ ಕುಲ ಅದು.