ತಟ್ಟಿಯ ಪೂರ್ವೋತ್ತರ

ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಫಲ್ಗುಣೀ ನದಿಯ ದಡದ ಮೇಲೆ ನಿಂತಿರುವ ಬಾಹುಬಲಿಸ್ವಾಮಿಯ ಏಕಶಿಲಾವಿಗ್ರಹವು ಕ್ರಿ. ಶ. 1604ರಲ್ಲಿ ಅಜಿಲವಂಶದ ತಿಮ್ಮಣ್ಣನಿಂದ ಪ್ರತಿಷ್ಠಿತವಾದುದೆಂಬುದು ವಾಚಕರಿಗೆ ಸುವಿದಿತವಷ್ಟೆ. 35 ಅಡಿ ಎತ್ತರದ ಆ ಮೂರ್ತಿಗೆ ಮಾಡಿಲ್ಲ, ಮರೆಯಿಲ್ಲ. ಬಿಸಿಲು ಮಳೆಗಳನ್ನು ಸಮಭಾವದಿಂದ ಸಹಿಸುವುದೇ ಆ ವೈರಾಗ್ಯದ ಲಕ್ಷಣ. ಆದರೆ ದರ್ಶನಕ್ಕೆ ಬರುವ ಗೃಹಸ್ಥರಿಗೆ ಆ ವ್ರತವಿಲ್ಲ. 2000, 2012, 2024ನೆಯ ಇಸವಿಗಳಲ್ಲಿ ಹನ್ನೆರಡು ವರ್ಷಗಳಿಗೊಮ್ಮೆ ನಡೆದ ಮಹಾಮಸ್ತಕಾಭಿಷೇಕಗಳಿಗೆ ಬಂದವರಾಗಲಿ, ಸಾಮಾನ್ಯದಿನಗಳಲ್ಲಿ ಬರುವ ಯಾತ್ರಿಕರಾಗಲಿ, ದರ್ಶನ ಮುಗಿದೊಡನೆ ನೆರಳನ್ನೂ ಉಪಾಹಾರವನ್ನೂ ಅರಸುವರು. ನೆರಳಿಲ್ಲದ ಉಪಾಹಾರಗೃಹದಲ್ಲಿ ಎಂತಹ ರುಚಿಯಾದ ತಿಂಡಿಯೂ ಬೆವರಿನೊಡನೆಯೇ ಇಳಿಯಬೇಕಾಗುವುದು. ಅಂಗಡಿ, ಉಪಾಹಾರಗೃಹ, ವಸತಿಗೃಹಗಳ ಹೊರಮೈಗೆ ಎಂತಹ ಮರೆಯನ್ನು ಕಟ್ಟಬೇಕೆಂಬ ಪ್ರಶ್ನೆಯು ಆದಕಾರಣ ಕ್ಷುದ್ರವಾದುದಲ್ಲ. ಅದಕ್ಕೊಂದು ಚರಿತ್ರೆಯೂ ಉಂಟು. ಆ ಚರಿತ್ರೆಯನ್ನರಿಯದೆ ಮಾಡಿದ ಆಯ್ಕೆಯು ಬಹುಮಟ್ಟಿಗೆ ಹಣದ ಅಪವ್ಯಯವಾಗುವುದು.

ಮೊದಲು ಹೆಸರುಗಳನ್ನು ವಿಚಾರಿಸುವುದು ಯುಕ್ತ. ಅಮರಸಿಂಹನು ತನ್ನ ಕೋಶದಲ್ಲಿ ಪರದೆಗೆ ಪ್ರತಿಸೀರಾ, ಜವನಿಕಾ, ತಿರಸ್ಕರಿಣೀ ಎಂಬ ಹೆಸರುಗಳನ್ನು ಕೊಟ್ಟಿರುವನು. ಕಿಟಕಿಗೆ ವಾತಾಯನ, ಗವಾಕ್ಷ ಎಂಬುವನ್ನು ಹೇಳಿರುವನು. ಮರೆಮಾಡುವುದು ತಿರಸ್ಕರಿಣಿಯ ಧರ್ಮ. ಗಾಳಿಗೆ ದಾರಿಯಾಗುವುದು ವಾತಾಯನದ ಧರ್ಮ. ಕಟ್ಟಡದ ಹೊರಗೆ ನಿಲ್ಲಿಸುವ ಬಿಸಿಲುಮರೆಯಲ್ಲಿ ಈ ಎರಡು ಧರ್ಮಗಳೂ ಏಕತ್ರ ಕೂಡಬೇಕು. ಬಿಸಿಲನ್ನು ತಡೆದು ಗಾಳಿಯನ್ನೂ ತಡೆದರೆ ಅದು ಗೋಡೆಯಾಯಿತು. ಗಾಳಿಯನ್ನು ಬಿಟ್ಟು ಬಿಸಿಲನ್ನೂ ಬಿಟ್ಟರೆ ಬರಿಯ ಅಲಂಕಾರವಾಯಿತು. ಕರಾವಳಿಯ ಜನರು ತಟ್ಟಿಯೆಂದು ಕರೆಯುವ ವಸ್ತುವು ಈ ಎರಡು ಕೆಲಸಗಳನ್ನೂ ಅಲ್ಪವ್ಯಯದಲ್ಲಿ ಮಾಡುತ್ತ ಬಂದಿದೆ.

ಇನ್ನು ಸೂರ್ಯನ ಗತಿ. ವೇಣೂರು ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿಯಲ್ಲಿರುವುದು. ಇಲ್ಲಿ ಸೂರ್ಯನು ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ನಡುವೆ ಇನ್ನೊಮ್ಮೆ, ಮಧ್ಯಾಹ್ನದಲ್ಲಿ ನೆತ್ತಿಯ ಮೇಲೆಯೇ ಬರುವನು. ಆ ನಡುವಿನ ಅವಧಿಯಲ್ಲಿ ಮಧ್ಯಾಹ್ನಸೂರ್ಯನು ನೆತ್ತಿಗೆ ಉತ್ತರದಲ್ಲಿರುವನು. ಡಿಸೆಂಬರಿನ ಮಧ್ಯಾಹ್ನದಲ್ಲಿ ದಕ್ಷಿಣಕ್ಕೆ ಹೆಚ್ಚೆಂದರೆಷ್ಟು ವಾಲಿದರೂ ಕ್ಷಿತಿಜದಿಂದ 53 ಡಿಗ್ರಿಗೂ ಮೇಲೆಯೇ ಇರುವನು. ಆದುದರಿಂದ ದಕ್ಷಿಣದ ಗೋಡೆಗೆ 3 ಅಡಿ ಮುಂಚಾಚಿದ ಸೂರು ಆ ಹೊತ್ತಿನಲ್ಲಿ 4 ಅಡಿಯಷ್ಟು ನೆರಳನ್ನು ಕೊಡುವುದು. ಪಡುವಣ ಗೋಡೆಯ ಸ್ಥಿತಿಯು ಬೇರೆ. ಸೂರ್ಯನು ಅದಕ್ಕೆ ಎದುರಾಗಿ 30 ಡಿಗ್ರಿಗೆ ಇಳಿದಾಗ, ಎಂದರೆ ಅಸ್ತಮಾನಕ್ಕೆ ಸುಮಾರು ಎರಡು ಗಂಟೆ ಮೊದಲು, ಅದೇ 3 ಅಡಿಯ ಸೂರು ಒಂದೂಮುಕ್ಕಾಲು ಅಡಿಗೆ ಮಾತ್ರ ನೆರಳು ನೀಡಬಲ್ಲುದು. ಮಿಕ್ಕ ಬಿಸಿಲೆಲ್ಲವೂ ಒಳಕ್ಕೆ ನುಗ್ಗುವುದು. ತೆಂಕಣ ದಿಕ್ಕಿಗೆ ಸೂರು ಸಾಕು. ಮೂಡಣ ಪಡುವಣ ದಿಕ್ಕುಗಳಿಗೆ ಇಳಿಬಿಟ್ಟ ಮರೆಯೇ ಬೇಕು. ಸಂಜೆಯ ಕಾಫಿಗೆ ಜನ ಕೂಡುವ ಹೊತ್ತೂ ಪಡುವಣ ಬಿಸಿಲಿನ ಹೊತ್ತೂ ಒಂದೇ ಎಂಬುದನ್ನು ಉಪಾಹಾರಗೃಹದ ಯಜಮಾನರು ವಿಶೇಷವಾಗಿ ಗಮನಿಸತಕ್ಕದ್ದು.

ಈ ನಾಡಿನ ಪ್ರಾಚೀನ ಶಿಲ್ಪಿಗಳು ಈ ಲೆಕ್ಕವನ್ನು ತಮ್ಮ ಕೆಲಸದಲ್ಲಿಯೇ ತೋರಿಸಿರುವರು. ಮೂಡುಬಿದಿರೆಯಲ್ಲಿ 1430ರಲ್ಲಿ ಪ್ರಾರಂಭವಾದ ತ್ರಿಭುವನತಿಲಕಚೂಡಾಮಣಿ ಬಸದಿಯು, ಎಂದರೆ ಸಾವಿರ ಕಂಬದ ಬಸದಿಯು, ಒಂದರ ಮೇಲೊಂದಾಗಿ ಇಳಿಜಾರು ಮಾಡುಗಳನ್ನು ಹೊತ್ತಿದೆ. ಕೆಳಗಿನ ಕೈಸಾಲೆಯು ಉರಿಬಿಸಿಲಿನಲ್ಲಿಯೂ ತಂಪಾಗಿರುವುದು. ಫರ್ಗುಸನ್ ಎಂಬ ವಿದ್ವಾಂಸನು 1876ರಲ್ಲಿ ಪ್ರಕಟಿಸಿದ ವಾಸ್ತುಚರಿತ್ರೆಯಲ್ಲಿ ಇಲ್ಲಿಯ ಬಸದಿಗಳಿಗೂ ನೇಪಾಳದ ಕಟ್ಟಡಗಳಿಗೂ ಸಾಮ್ಯವನ್ನು ಕಂಡನು. ಸಂಬಂಧವು ಹೇಗಾದರೂ ಇರಲಿ, ಮಳೆ ಬಿಸಿಲುಗಳೆರಡೂ ಪ್ರಬಲವಾದ ದೇಶದಲ್ಲಿ ಮಾಡು ಗೋಡೆಯನ್ನು ಮೀರಿ ಮುಂಚಾಚಬೇಕಾಗುವುದು ಸಹಜವೇ ಸರಿ. ಇದೇ ಕರಾವಳಿಯಲ್ಲಿ ಉತ್ತರಕ್ಕೆ ಸಾಗಿ ಭಟಕಳವನ್ನು ಸೇರಿದರೆ, 16ನೆಯ ಶತಮಾನದ ಖೇತಪಯ್ಯ ನಾರಾಯಣ ದೇವಾಲಯದಲ್ಲಿ ಇನ್ನೂ ಸ್ಪಷ್ಟವಾದ ನಿದರ್ಶನವು ದೊರೆಯುವುದು. ಅಲ್ಲಿಯ ಹೊರಮರೆಯನ್ನು ಮರದ ಪಟ್ಟಿಗಳನ್ನು ಅನುಕರಿಸಿದ ಕಲ್ಲಿನ ಪಟ್ಟಿಗಳಿಂದ ಸಂದು ಬಿಟ್ಟು ಕಟ್ಟಿರುವರು. ಕಲ್ಲು ಮರವನ್ನು ಅನುಕರಿಸಿದುದರಿಂದ, ಮರದ ತಟ್ಟಿಯು ಕಲ್ಲಿನದಕ್ಕಿಂತ ಹಿಂದಿನದೆಂದು ಊಹಿಸುವುದರಲ್ಲಿ ದೋಷವಿಲ್ಲ.

ಘಟ್ಟದ ಮೇಲಿನ ಸಂಪ್ರದಾಯವು ಬೇರೆ ಬಗೆಯದು. ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾಯಿತು. ಅದರ ನವರಂಗದ ಸುತ್ತಣ ಜಾಲಂಧ್ರಗಳಾದರೋ ತರುವಾಯ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಸೇರಿದುವು. ಮೊದಲು ತೆರೆದಿದ್ದ ಮಂಟಪಕ್ಕೆ ಅನಂತರ ಮರೆಯನ್ನು ಕೂಡಿಸಿದುದಕ್ಕೆ ಇದೊಂದು ಗಣ್ಯವಾದ ಉದಾಹರಣೆ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಲ್ಪಟ್ಟ ದರಿಯಾ ದೌಲತ್ ಅರಮನೆಯ ಹೊರಗೋಡೆಗಳ ಚಿತ್ರಗಳು ಬಿಸಿಲಿಗೆ ಬಣ್ಣಗೆಡದಂತೆ, ಜಗಲಿಯ ಸುತ್ತಲೂ ಹಸುರು ಪರದೆಗಳನ್ನು ಇಳಿಬಿಟ್ಟಿರುವುದನ್ನು ಪ್ರವಾಸಿಗಳು ನೋಡಿರಬಹುದು. ಬೆಂಗಳೂರಿನ ಹಳೆಯ ಬಂಗಲೆಗಳ ಮೊಗಸಾಲೆಗಳಲ್ಲಿ ಮರದ ತೆಳುಪಟ್ಟಿಗಳ ಜಾಲರಿಯಿತ್ತು. ಈ ಮೂರರಲ್ಲಿಯೂ ಕಂಡುಬರುವ ತತ್ತ್ವವೊಂದೇ: ಬಿಸಿಲನ್ನು ಒಳಗೆ ಬಂದ ಮೇಲೆ ತಡೆಯಲಾಗದು, ಹೊರಗೆಯೇ ತಡೆಯಬೇಕು.

ತುಳುನಾಡಿನ ಸಾಮಾನ್ಯರ ಮನೆಗಳಿಗೂ ಸಂತೆಯಂಗಡಿಗಳಿಗೂ ಕಲ್ಲಿನ ಜಾಲಂಧ್ರಗಳೆಲ್ಲಿಯವು? ಅವರಿಗೆ ತೆಂಗಿನ ಮಡಲು, ಅಡಕೆಯ ಸೋಗೆ, ಅಡಕೆಮರದ ದಬ್ಬೆ, ಬಿದಿರು ಇವೇ ಸಾಮಗ್ರಿ. ಮುಳಿಹುಲ್ಲಿನ ಮಾಡಿನಿಂದ ಕೆಳಕ್ಕೆ ಹೆಣೆದ ಮಡಲನ್ನು ತೂಗಬಿಟ್ಟರೆ ಬಿಸಿಲೂ ಮಳೆಯ ಎರಚಲೂ ನಿಲ್ಲುತ್ತಿದ್ದುವು. ಪ್ರತಿವರ್ಷವೂ ಹೊಸದಾಗಿ ಕಟ್ಟಬೇಕಾದುದು ಅದರ ಕೊರತೆ; ಹಿತ್ತಿಲಿನಲ್ಲಿಯೇ ದೊರೆಯುವುದು ಅದರ ಗುಣ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಮುಳಿಹುಲ್ಲು ಕ್ರಮೇಣ ಹಿಂದೆ ಸರಿಯಿತು. ಆದರೂ ಹಂಚಿನ ಮಾಡು ಇಳಿಜಾರನ್ನೂ ಸೂರನ್ನೂ ಉಳಿಸಿಕೊಂಡಿತು. ಅಂಗಡಿಯ ಮುಂದಿನ ಜಗಲಿಯು ನೆರಳಿನಲ್ಲಿಯೇ ಉಳಿಯಿತು.

ಈ ಜಿಲ್ಲೆಯ ಜನರು ಹೊರಗೆ ಹೋಗಿ ಉಪಾಹಾರಗೃಹಗಳನ್ನು ಕಟ್ಟಿದ ವೃತ್ತಾಂತವೂ ಇಲ್ಲಿ ಸ್ಮರಣೀಯವಾದುದು. ಮೂಡುಬಿದಿರೆಗೆ ಸಮೀಪದ ಕಡಂದಲೆಯಲ್ಲಿ ಜನಿಸಿದ ಕೃಷ್ಣರಾಯರು ಮದರಾಸಿನಲ್ಲಿ 1930ರ ದಶಕದ ಕೊನೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಹೋಟೆಲನ್ನು ಸ್ಥಾಪಿಸಿ ಪ್ರಖ್ಯಾತರಾದರು. ಅವರು 1962ರಲ್ಲಿ ಅದೇ ನಗರದ ಕೆಥೀಡ್ರಲ್ ರಸ್ತೆಯ ತೋಟದ ಸ್ಥಳವೊಂದರಲ್ಲಿ ಡ್ರೈವ್-ಇನ್ ವುಡ್‌ಲ್ಯಾಂಡ್ಸನ್ನು ತೆರೆದರು. ಗಿರಾಕಿಗಳು ಮರಗಳ ನೆರಳಿನಲ್ಲಿ ಕಾರುಗಳನ್ನು ನಿಲ್ಲಿಸಿ, ಕುಳಿತಲ್ಲಿಯೇ ದೋಸೆ ಕಾಫಿಗಳನ್ನು ತರಿಸಿಕೊಳ್ಳುತ್ತಿದ್ದರು. ಮದರಾಸಿನ ಬೇಸಗೆಯಲ್ಲಿ ಇಂತಹ ಏರ್ಪಾಡು ನಾಲ್ಕು ದಶಕಗಳಿಗೂ ಮೀರಿ ನಡೆಯಿತೆಂದರೆ, ಅದರ ಕೀರ್ತಿಯಲ್ಲಿ ಅಡುಗೆಗೆ ಎಷ್ಟು ಪಾಲೋ ಮರಗಳಿಗೂ ಅಷ್ಟೇ ಪಾಲೆನ್ನಬೇಕು. 2008ರಲ್ಲಿ ಅದು ಮುಚ್ಚಿತು. ಆ ಸ್ಥಳವು ಸಾರ್ವಜನಿಕ ಉದ್ಯಾನವಾಯಿತು.

ತೋಟದಷ್ಟು ಸ್ಥಳವು ಎಲ್ಲ ಯಜಮಾನರಿಗೂ ದೊರೆಯುವುದುಂಟೆ? ಪೇಟೆಯ ಬೀದಿಗಳಲ್ಲಿ ಹಂಚಿನ ಮಾಡು ಹೋಗಿ ಕಾಂಕ್ರೀಟಿನ ಚಪ್ಪಟೆಯ ತಾರಸಿ ಬಂದಿತು. ಅದರೊಡನೆ ಸೂರು ಮಾಯವಾಯಿತು, ಜಗಲಿಯು ಅಂಗಡಿಯೊಳಗೆ ಸೇರಿತು, ಮುಂಗೋಡೆಯು ಗಾಜಾಯಿತು. ಗಾಜಿನ ಗುಣವೇನೆಂದರೆ, ಅದು ಸೂರ್ಯನ ಬೆಳಕನ್ನು ಒಳಕ್ಕೆ ಬಿಡುವುದು. ಆ ಬೆಳಕಿನಿಂದ ಕಾದ ನೆಲ, ಮೇಜುಗಳು ಹೊರಸೂಸುವ ಶಾಖವನ್ನು ಹೊರಕ್ಕೆ ಬಿಡದು. ಒಳಗಡೆ ಎಷ್ಟು ಬೆಲೆಯ ಪರದೆಯನ್ನು ಕಟ್ಟಿದರೂ ಗಾಜನ್ನು ದಾಟಿಬಂದ ಶಾಖದ ಬಹುಭಾಗವು ಒಳಗೇ ಉಳಿಯುವುದು. ಆಗ ತಂಪಿನ ಯಂತ್ರವನ್ನು ತರಿಸಿ, ತಿಂಗಳು ತಿಂಗಳೂ ವಿದ್ಯುತ್ತಿನ ದಂಡವನ್ನು ತೆರುವರು. ಸೂರನ್ನು ಕಳೆದುಕೊಂಡವರು ತೆರುವ ಸಾಲವಿದು.

ಈ ಸಾಲವನ್ನು ವಿಚಾರವಂತರು ಹಿಂದೆಯೇ ಗುರುತಿಸಿದ್ದರು. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಜರ್ಮನಿಯ ಆಟೋ ಕೋನಿಗ್ಸ್‌ಬರ್ಗರನು ತರುವಾಯ ಉಷ್ಣದೇಶಗಳ ಕಟ್ಟಡನಿರ್ಮಾಣವನ್ನು ಶಾಸ್ತ್ರೀಯವಾಗಿ ಬೋಧಿಸಿ, 1970ರ ದಶಕದಲ್ಲಿ ಸಹೋದ್ಯೋಗಿಗಳೊಡನೆ ಆ ವಿಷಯದ ಕೈಪಿಡಿಯನ್ನೂ ಪ್ರಕಟಿಸಿದನು. ಲ ಕಾರ್ಬುಸಿಯೇ ಎಂಬ ಶಿಲ್ಪಿಯು ಕಟ್ಟಡದ ಹೊರಮೈಗೆ ಕಾಂಕ್ರೀಟಿನ ಹಲಗೆಗಳನ್ನು ನಿಲ್ಲಿಸುವ ಕ್ರಮವನ್ನು ಪ್ರಚುರಪಡಿಸಿದನು. ಫ್ರೆಂಚ್ ಭಾಷೆಯಲ್ಲಿ ಅದರ ಹೆಸರಿಗೆ ಸೂರ್ಯಭಂಜಕವೆಂದರ್ಥ. 1954ರಲ್ಲಿ ಪೂರ್ಣಗೊಂಡ ಅಹಮದಾಬಾದಿನ ಗಿರಣಿಮಾಲಿಕರ ಸಂಘದ ಭವನದಲ್ಲಿ ಅವನು ಪಡುವಣ ಮುಖದ ಹಲಗೆಗಳನ್ನು ಓರೆಯಾಗಿಯೂ ಮೂಡಣ ಮುಖದವನ್ನು ನೇರವಾಗಿಯೂ ನಿಲ್ಲಿಸಿ, ತೆಂಕಣ ಬಡಗಣ ಗೋಡೆಗಳನ್ನು ಬಹುಮಟ್ಟಿಗೆ ಮುಚ್ಚಿದನು. ಒಂದೇ ಭವನಕ್ಕೆ ದಿಕ್ಕಿಗೊಂದು ಮರೆ! ಇನ್ನು ತಿರುವನಂತಪುರದ ಬಸ್ ನಿಲ್ದಾಣದ ಬಳಿ ಲಾರಿ ಬೇಕರ್ ರಚಿಸಿದ ಇಂಡಿಯನ್ ಕಾಫಿ ಹೌಸ್ ಉಪಾಹಾರಗೃಹಕ್ಕೇ ನೇರವಾದ ಮಾದರಿ. ಸುರುಳಿಯಾಗಿ ಮೇಲೇರುವ ಆ ಇಟ್ಟಿಗೆಯ ಗೋಪುರದ ಗೋಡೆಯಲ್ಲಿ ಉದ್ದಕ್ಕೂ ರಂಧ್ರಗಳಿವೆ. ಗೋಡೆಯೇ ಅಲ್ಲಿ ತಟ್ಟಿಯಾಗಿದೆ.

ಈ ಪೂರ್ವೋತ್ತರದಿಂದ ವೇಣೂರಿನಂತಹ ಊರಿನ ಯಜಮಾನರು ಗ್ರಹಿಸಬೇಕಾದುದೇನು? ಒಂದೂರಿಗೆ ಹಿತವಾದುದು ಇನ್ನೊಂದೂರಿಗೆ ಹಿತವಾಗಬೇಕೆಂಬ ನಿಯಮವಿಲ್ಲ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಬಳ್ಳಾರಿ ಕಲಬುರಗಿಗಳ ಒಣಗಾಳಿಯು ಆ ನೀರನ್ನು ಹೀರಿ ತಂಪಾಗಿ ಬೀಸುವುದು. ಕರಾವಳಿಯ ಗಾಳಿಯು ಮೊದಲೇ ತೇವದಿಂದ ತುಂಬಿರುವುದರಿಂದ ಆ ಉಪಾಯವು ಇಲ್ಲಿ ಫಲಿಸದು, ಸೆಖೆಯೇ ಹೆಚ್ಚುವುದು. ಇಲ್ಲಿ ಮೈಯ ಬೆವರನ್ನಾರಿಸುವ ಗಾಳಿಯೇ ಪರಮೌಷಧ. ಆದುದರಿಂದ ಸಂದಿಲ್ಲದ ದಪ್ಪ ಬಟ್ಟೆಗಿಂತ ಪಟ್ಟಿಪಟ್ಟಿಯಾದ ಮರೆಯೇ ಲೇಸು. ಗೋಡೆಗೂ ಮರೆಗೂ ನಡುವೆ ಒಂದು ಗೇಣಾದರೂ ಅಂತರವಿದ್ದರೆ ಕಾದ ಗಾಳಿಯು ಮೇಲಕ್ಕೇರಿ ಹೊರಟುಹೋಗುವುದು.

ಎರಡನೆಯದು ಮಳೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ, ಅದರಲ್ಲಿ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ, ಮಳೆ ಸುರಿಯುವ ಜಿಲ್ಲೆಯಿದು. ಕ್ಯಾನ್ವಾಸಿನ ಮರೆಯನ್ನು ಮೇ ತಿಂಗಳ ಕೊನೆಯೊಳಗಾಗಿ ಬಿಚ್ಚಿ ಮಡಿಸಿಡುವಂತಿರಬೇಕು. ಇಲ್ಲವಾದರೆ ಅದು ಬೂಸ್ಟು ಹಿಡಿಯುವುದು, ನೀರು ತುಂಬಿ ಹರಿಯುವುದು. ಬಿದಿರನ್ನು ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಹುಳು ಹಿಡಿಯದು; ಆದರೆ ಆ ಲವಣಗಳು ಮಳೆನೀರಿನಲ್ಲಿ ತೊಳೆದುಹೋಗುವುದರಿಂದ ಮೇಲೊಂದು ಸೂರು ಅವಶ್ಯ. ಸ್ಥಿರವಾದ ಮರದ ಪಟ್ಟಿಗಳಿಗೆ ಕಿರಾಲುಬೋಗಿ, ಸಾಗುವಾನಿಗಳು ಪ್ರಶಸ್ತ. ಅಲ್ಯೂಮಿನಿಯಂ ಪಟ್ಟಿಯು ಕೊಳೆಯದು; ಆದರೆ ತಿಳಿಬಣ್ಣದ್ದಾಗಿರಬೇಕು. ತೋಟಗಾರಿಕೆಯ ನೆರಳುಬಲೆಯನ್ನು ನೂರಕ್ಕೆ 50, ನೂರಕ್ಕೆ 75 ಎಂದು ನೆರಳಿನ ಪ್ರಮಾಣದಿಂದ ಮಾರುವರು. ಕಪ್ಪು ಬಲೆಯು ತಾನೇ ಕಾದು ಸಮೀಪದಲ್ಲಿ ಕುಳಿತವರ ಮೇಲೆ ಶಾಖವನ್ನು ಬೀರುವುದೆಂಬುದನ್ನು ಮಾರುವವರೆಲ್ಲರೂ ಹೇಳುವುದಿಲ್ಲ.

ಮೂರನೆಯದು ಬೆಂಕಿ. ಉಪಾಹಾರಗೃಹವೆಂದರೆ ಒಲೆಯಿರುವ ಸ್ಥಳ. 2004ನೆಯ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಅಡುಗೆಮನೆಯ ಬೆಂಕಿಯು ಶಾಲೆಯ ಸೋಗೆಯ ಮಾಡಿಗೆ ಹತ್ತಿ 94 ಮಂದಿ ಮಕ್ಕಳು ಮೃತರಾದರು. ಆ ದುರಂತವನ್ನು ನೆನೆದವರು ಮಡಲು, ಸೋಗೆ, ಪ್ಲಾಸ್ಟಿಕ್ಕಿನ ಬಲೆಗಳನ್ನು ಒಲೆಯ ಕಡೆಗೆ ಎಂದಿಗೂ ಕಟ್ಟಲಾರರು. ಅಡುಗೆಮನೆಯ ಪಕ್ಕದ ಮರೆಯು ಇಟ್ಟಿಗೆಯದೋ ಮುರಕಲ್ಲಿನದೋ ಸಿಮೆಂಟಿನ ಜಾಲರಿಯದೋ ಆಗಿರತಕ್ಕದ್ದು. ಜನರು ಹೊರಕ್ಕೋಡುವ ಬಾಗಿಲಿಗೆ ಯಾವ ಮರೆಯೂ ಅಡ್ಡವಾಗಕೂಡದು.

ಕಡೆಯದಾಗಿ, ಮರೆಯು ಯಾರಿಗೋಸ್ಕರವೆಂಬುದನ್ನು ಯೋಚಿಸಬೇಕು. ಗಿರಾಕಿಯು ಅರ್ಧಗಂಟೆ ಕುಳಿತು ಎದ್ದುಹೋಗುವನು. ಗಲ್ಲಾಪೆಟ್ಟಿಗೆಯ ಮುಂದೆ ಕೂಡುವವನು, ಬಡಿಸುವ ಹುಡುಗನು, ತಟ್ಟೆ ತೊಳೆಯುವ ಹೆಂಗಸು, ಇವರು ಪಡುವಣ ಬಿಸಿಲನ್ನು ದಿನದಿನವೂ ಅನುಭವಿಸುವರು. ಬೀದಿಯ ಮುಖಕ್ಕೆ ಶೋಭೆಗಾಗಿ ಬೆಲೆಯುಳ್ಳ ಮರೆಯನ್ನು ನಿಲ್ಲಿಸಿ, ತೊಳೆಯುವ ಕಟ್ಟೆಯನ್ನು ಬಿಸಿಲಿಗೊಡ್ಡಿದ ಕಟ್ಟಡಗಳು ಪೇಟೆಗಳಲ್ಲಿ ವಿರಳವಲ್ಲ. ಮರೆ ಕಟ್ಟಿಸುವ ಯಜಮಾನನು ಬೇಸಗೆಯ ಒಂದು ದಿನ ಸಂಜೆ ನಾಲ್ಕರಿಂದ ಆರರವರೆಗೆ ತನ್ನ ಕಟ್ಟಡದ ಸುತ್ತ ನಡೆದು, ಬಿಸಿಲು ಎಲ್ಲಿ ಯಾರ ಮೇಲೆ ಬೀಳುವುದೆಂದು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡರೆ, ಬಡಗಿಯೊಡನೆ ಮಾತನಾಡುವುದಕ್ಕೆ ಅದಕ್ಕಿಂತ ಉತ್ತಮವಾದ ನಕ್ಷೆಯು ಬೇರೆ ಬೇಕಾಗದು.