ರಾಸ್ ಸಾಹೇಬನ ಟಬ್ಬು, ನನ್ನ ಡ್ರಮ್ಮು

2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಿದ್ದು ನಿಮಗೆ ನೆನಪಿರಬಹುದು. ಆಗ ನಾನೂ ಒಂದು ನೀಲಿ ಡ್ರಮ್ಮು ತಂದು ತಾರಸಿಯ ಮೇಲೆ ಇಟ್ಟಿದ್ದೆ. ಮಳೆ ಬಂತು, ನಲ್ಲಿಯಲ್ಲಿ ನೀರೂ ಬಂತು, ಡ್ರಮ್ಮು ಮರೆತೇ ಹೋಯಿತು.

ಜುಲೈನಲ್ಲಿ ನನ್ನ ರೂಮ್‌ಮೇಟಿಗೆ ಜ್ವರ. ಮೈಕೈ ಮುರಿಯುವಂಥ ನೋವು. ಐದನೇ ದಿನ ಜ್ವರ ಬಿಟ್ಟಾಗ 'ಸದ್ಯ' ಅಂದುಕೊಂಡು ಆಫೀಸಿಗೆ ಹೋದೆ. ಡೆಂಗ್ಯೂನಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ್ದು ಅಂತ ಗೊತ್ತಾಗಿದ್ದು, ಅವನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ. ಊರಿಂದ ಅವನ ಅಮ್ಮ ರಾತ್ರಿ ಬಸ್ಸು ಹತ್ತಿ ಬಂದರು. ಹುಷಾರಾದ ಬಿಡಿ. ಆದರೆ ಅದೇ ವಾರ ಬಂದ ಆಶಾ ಕಾರ್ಯಕರ್ತೆ ತಾರಸಿ ಹತ್ತಿ, ಡ್ರಮ್ಮಿನೊಳಗೆ ಟಾರ್ಚು ಬಿಟ್ಟು "ಇದು ಯಾರ್ದು ಸಾರ್?" ಅಂದರು. ಒಳಗೆ ನೂರಾರು ಮರಿಗಳು ಕುಣೀತಾ ಇದ್ದವು. ಅವನಿಗೆ ಕಚ್ಚಿದ್ದು ಇದೇ ಡ್ರಮ್ಮಿನ ಸೊಳ್ಳೆಯೋ ಅಲ್ಲವೋ ಹೇಳಕ್ಕಾಗಲ್ಲ. ಅವನ ಅಮ್ಮನಿಗಂತೂ ನಾನಿನ್ನೂ ಈ ವಿಷಯ ಹೇಳಿಲ್ಲ.

ಆಮೇಲೆ ಸೊಳ್ಳೆಗಳ ಚರಿತ್ರೆ ಓದುತ್ತಾ ಕೂತಾಗ ಸಿಕ್ಕಿದ್ದು ಇದೇ ಊರಿನ ಇನ್ನೊಂದು ನೀರಿನ ಕಥೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಡಾಕ್ಟರು ಬೆಂಗಳೂರಿನ ದಂಡಿಗೆ ಬಂದ. ವಯಸ್ಸು 26, ಅಂದರೆ ನನಗಿಂತ ಚಿಕ್ಕವ. ಬಂಗಲೆ ತುಂಬ ಸೊಳ್ಳೆ. ಹುಡುಕಿದರೆ ಕಿಟಕಿಯ ಹೊರಗಿದ್ದ ನೀರಿನ ಟಬ್ಬಿನಲ್ಲಿ ಮರಿಗಳು! ಟಬ್ಬನ್ನು ಬೋರಲು ಹಾಕಿದ, ಸೊಳ್ಳೆ ಹೆಚ್ಚುಕಡಿಮೆ ಮಾಯ. ಖುಷಿಯಿಂದ ಅಡ್ಜುಟಂಟ್ ಹತ್ತಿರ ಹೋಗಿ, ಮೆಸ್ಸಿನಲ್ಲೂ ಹೀಗೇ ಮಾಡೋಣ, ತೋಟದ ಟಬ್ಬುಗಳಲ್ಲಿ, ಊಟದ ಮೇಜಿನ ಕೆಳಗಿನ ಡಬ್ಬಿಗಳಲ್ಲಿ, ಹೂದಾನಿಗಳಲ್ಲಿ ಕೂಡ ಮರಿಗಳಿವೆ ಅಂದ. ಅಡ್ಜುಟಂಟ್ ಒಪ್ಪಲಿಲ್ಲ. ಸೊಳ್ಳೆಯನ್ನು ಏನೋ ಉದ್ದೇಶಕ್ಕೆ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಅಂತ ಆತನ ವಾದ. ಹಾಗಾದರೆ ತಿಗಣೆ, ಚಿಗಟವನ್ನೂ ಸಹಿಸಿಕೊಳ್ಳಬೇಕಲ್ಲ ಅಂತ ರಾಸ್ ಕೇಳಿದರೂ ಪ್ರಯೋಜನವಾಗಲಿಲ್ಲ. (ನನಗೆ ಹಳೆಯ ಮ್ಯಾನೇಜರೊಬ್ಬರು ನೆನಪಾದರು :))

ಮಜಾ ಅಂದರೆ, ಸೊಳ್ಳೆ ರೋಗ ಹರಡುತ್ತದೆ ಅಂತ ಆಗ ರಾಸ್‌ಗೇ ಗೊತ್ತಿರಲಿಲ್ಲ. ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಆತ ಕಂಡಿದ್ದು 1897ರಲ್ಲಿ, ನೊಬೆಲ್ ಬಂದಿದ್ದು 1902ರಲ್ಲಿ. ಡೆಂಗ್ಯೂ ತರುವುದು ಬೇರೆ ಸೊಳ್ಳೆ, ಹಗಲು ಹೊತ್ತು ಕಚ್ಚುವ, ಕಾಲಿಗೆ ಬಿಳಿ ಪಟ್ಟೆ ಇರುವ ಈಡಿಸ್ ಈಜಿಪ್ಟೈ. ಅದರ ಕಡೆ ಬೆರಳು ತೋರಿಸಿದವನು ಆಸ್ಟ್ರೇಲಿಯಾದ ಥಾಮಸ್ ಬ್ಯಾಂಕ್ರಾಫ್ಟ್, 1906ರಲ್ಲಿ. ಈ ಸೊಳ್ಳೆಗೆ ಕೆರೆ, ಚರಂಡಿ ಬೇಡ, ನಮ್ಮ ಮನೆಯ ಡ್ರಮ್ಮು, ಹಳೇ ಟೈರು, ಮನಿಪ್ಲಾಂಟ್ ಬಾಟಲಿ ಸಾಕು. ಮೊಟ್ಟೆಯನ್ನು ನೀರಿನ ಅಂಚಿಗೆ, ಡ್ರಮ್ಮಿನ ಒಳಗೋಡೆಗೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ! ಹಾಗಾಗಿ ನೀರು ಚೆಲ್ಲಿದರೆ ಸಾಲದು, ಗೋಡೆಯನ್ನು ತಿಕ್ಕಬೇಕು. ಮೊಟ್ಟೆ ಒಡೆದು ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ. ವಾರಕ್ಕೊಮ್ಮೆ ತೊಳೆಯಿರಿ ಅನ್ನುವುದು ಅದಕ್ಕೇ.

ಬ್ರೆಜಿಲ್ ಇದನ್ನೇ ಇಡೀ ದೇಶದಲ್ಲಿ ಮಾಡಿತು. ಅಲ್ಲಿ ಇದೇ ಸೊಳ್ಳೆ ಹಳದಿ ಜ್ವರ ಹರಡುತ್ತಿತ್ತು. 1930ರ ದಶಕದಲ್ಲಿ ಫ್ರೆಡ್ ಸೋಪರ್ ಎಂಬ ಅಮೆರಿಕನ್ ಮನೆಮನೆಗೂ ತಪಾಸಣೆಯವರನ್ನು ಕಳಿಸಿದ, ಅವರ ಹಿಂದೆ ಅವರನ್ನೇ ತಪಾಸಣೆ ಮಾಡುವವರನ್ನೂ ಕಳಿಸಿದ. ಆಮೇಲೆ ಡಿಡಿಟಿಯೂ ಬಂತು. 1958ರಲ್ಲಿ ಬ್ರೆಜಿಲ್‌ನಲ್ಲಿ ಈ ಸೊಳ್ಳೆಯೇ ಇಲ್ಲ ಅಂತ ಘೋಷಣೆಯಾಯಿತು. ಅಷ್ಟು ದೊಡ್ಡ ದೇಶದಲ್ಲಿ! ಆದರೆ ಬೇರೆ ದೇಶಗಳಲ್ಲಿ ಸೊಳ್ಳೆ ಉಳಿದೇ ಇತ್ತು, ಇಲ್ಲಿ ನಿಗಾ ಸಡಿಲವಾಯಿತು. 1970ರ ದಶಕದಲ್ಲಿ ಸೊಳ್ಳೆ ಮತ್ತೆ ನೆಲೆಯೂರಿತು, 1986ರಲ್ಲಿ ರಿಯೊ ಡಿ ಜನೈರೊದಲ್ಲಿ ಡೆಂಗ್ಯೂ ಹಬ್ಬಿತು. ಕ್ಲೋಸ್ ಮಾಡಿದ ಬಗ್ ರೀಓಪನ್ ಆದಾಗಿನ ಸಂಕಟ ನನಗೆ ಗೊತ್ತು, ಆದರೆ ಇದು ಆ ಲೆಕ್ಕದ್ದಲ್ಲ.

ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್ ಹೊತ್ತಿಗೆ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ನಗರದಲ್ಲಿ 400 ರೂಪಾಯಿ ದಂಡ ಇಟ್ಟಿತು. ರಾಸ್ ಟಬ್ಬು ಬೋರಲು ಹಾಕಿ ಅಷ್ಟೊತ್ತಿಗೆ 141 ವರ್ಷ. ನಾನು ಸಿಕ್ಕಿಬಿದ್ದಿದ್ದು ಜುಲೈನಲ್ಲಿ, ಹಾಗಾಗಿ ದಂಡ ತಪ್ಪಿತು.

ಈಗ ಭಾನುವಾರ ಬೆಳಗ್ಗೆ ನಾನೂ ರೂಮ್‌ಮೇಟೂ ತಾರಸಿ ಹತ್ತಿ ಡ್ರಮ್ಮು, ಹೂಕುಂಡದ ತಟ್ಟೆ ಎಲ್ಲ ತಿಕ್ಕುತ್ತೇವೆ. ಕೆಳಗಿನ ಮನೆಯ ಓನರ್ ಅಂಕಲ್ ಕಾಫಿ ಕುಡಿಯುತ್ತಾ ನೋಡುತ್ತಿರುತ್ತಾರೆ. ಅವರ ತುಳಸಿಕಟ್ಟೆ ಪಕ್ಕದ ಬಕೆಟ್ಟು ತೋರಿಸಿದರೆ "ಏ ಬಿಡಪ್ಪ, ಸೊಳ್ಳೆ ಅಂದ್ಮೇಲೆ ಇದ್ದಿದ್ದೇ" ಅನ್ನುತ್ತಾರೆ.