ಯಾದವಗಿರಿಯ ಗಾಡಿ: ಮೈಸೂರಿನ ನಿವೃತ್ತ ಸಂಸಾರ, ಬೇಸಿಗೆ ಮತ್ತು ಜಾವಾ

ಮೈಸೂರನ್ನು ಪಿಂಚಣಿದಾರರ ಸ್ವರ್ಗವೆಂದು ಕರೆಯುವ ರೂಢಿ ಬಹಳ ಹಳೆಯದು. ಅದಕ್ಕೆ ಹವೆಯಷ್ಟೇ ಕಾರಣವಲ್ಲ, ನಗರವನ್ನು ಕಟ್ಟಿದ ಕ್ರಮವೂ ಕಾರಣ. 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಕಚೇರಿಗಳ ಭಾರವೆಲ್ಲ ಬೆಂಗಳೂರಿಗೆ ಸರಿದು ಮೈಸೂರಿಗೆ ಅರಮನೆ, ವಿದ್ಯಾಸಂಸ್ಥೆ ಮತ್ತು ದಸರಾ ಉಳಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಇಕ್ಕಟ್ಟಾದ ಕೇರಿಗಳ ಅಪಾಯ ಎದ್ದು ಕಂಡಾಗ, ಊರನ್ನು ಹರಡಿ ಗಾಳಿಬೆಳಕಿಗೆ ತೆರೆಯುವ ಸಲುವಾಗಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ಮಂಡಳಿ ಅಳತೆಮಾಡಿ ಹಂಚಿದ ನಿವೇಶನಗಳಲ್ಲಿ, ಅಂದರೆ ಜನ ಇಂದಿಗೂ 'ಸೈಟು' ಎನ್ನುವ ತುಂಡು ನೆಲದಲ್ಲಿ, ಸರ್ಕಾರಿ ಸಂಬಳದವರು ಮನೆ ಕಟ್ಟಿದರು, ಹಿತ್ತಲಲ್ಲಿ ತೆಂಗು ಮಾವು ನೆಟ್ಟರು, ನಿವೃತ್ತರಾಗಿ ಅಲ್ಲೇ ನೆಲೆನಿಂತರು. ಇಂಥ ಊರಿಗೆ 1960ರ ಸುಮಾರಿಗೆ ಮೋಟಾರ್‌ಸೈಕಲ್ ಕಾರ್ಖಾನೆಯೊಂದು ಬಂದದ್ದನ್ನು ಕೈಗಾರಿಕೆಯ ಚರಿತ್ರೆ ಬರೆಯುವವರು ಒಂದು ಕಡೆ, ನಗರದ ಗೃಹಜೀವನವನ್ನು ಬರೆಯುವವರು ಇನ್ನೊಂದು ಕಡೆ ಇಟ್ಟುಬಿಟ್ಟಿದ್ದಾರೆ. ಎರಡನ್ನೂ ಕೂಡಿಸಿ ಓದಿದಾಗ ಮಾತ್ರ, ಅರವತ್ತು ದಾಟಿದ ದಂಪತಿಗಳು ಬೇಸಿಗೆಯಲ್ಲಿ ಮನೆ ರಿಪೇರಿ, ನೆಂಟರ ಭೇಟಿ ಮತ್ತು ಹಳೆಯ ಬೈಕಿನ ಸವಾರಿಗಳನ್ನು ಒಂದೇ ಋತುವಿನ ಕ್ರಮವೆಂಬಂತೆ ನಡೆಸಿಕೊಂಡು ಹೋಗುವುದರ ಹಿನ್ನೆಲೆ ತಿಳಿಯುತ್ತದೆ.

ಆ ಕಾರ್ಖಾನೆಯ ಗಾಡಿಯಾದ ಜಾವಾ ಹುಟ್ಟಿದ್ದು ಪ್ರಾಗ್ ನಗರದಲ್ಲಿ, 1929ರಲ್ಲಿ. ಶಸ್ತ್ರಾಸ್ತ್ರ ತಯಾರಕನಾಗಿದ್ದ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡುಕೊಂಡು, ತನ್ನ ಹೆಸರಿನ ಮತ್ತು ಆ ಕಂಪನಿಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಗಾಡಿಗೆ ಇಟ್ಟ. ಎರಡನೆಯ ಮಹಾಯುದ್ಧದ ನಂತರ ಜೆಕೊಸ್ಲೊವಾಕಿಯಾ ಸಮಾಜವಾದಿ ಬಣಕ್ಕೆ ಸೇರಿದರೂ ಅದರ ಗಾಡಿಗಳು ಹೊರದೇಶಗಳಿಗೆ ಹೋಗುವುದು ನಿಲ್ಲಲಿಲ್ಲ, ಮುಂಬಯಿಯ ಪೇಟೆಗೂ ಬಂದವು. ಐವತ್ತರ ದಶಕದಲ್ಲಿ ವಿದೇಶಿ ವಿನಿಮಯದ ಅಭಾವದಿಂದ ಆಮದಿಗೆ ಕಡಿವಾಣ ಬಿದ್ದಾಗ, ಇವುಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಮನೆತನದವರು ಪರವಾನಗಿ ಪಡೆದು ಇಲ್ಲೇ ತಯಾರಿಸುವ ದಾರಿ ಹಿಡಿದರು. ಪರವಾನಗಿ ಎಂದರೆ ಮೂಲ ಕಂಪನಿಯ ನಕ್ಷೆ, ಅಚ್ಚು ಮತ್ತು ತಾಂತ್ರಿಕ ನೆರವನ್ನು ಪಡೆದು, ಬಿಡಿಭಾಗಗಳನ್ನು ಒಂದೊಂದಾಗಿ ದೇಶೀಯಗೊಳಿಸುತ್ತ ಹೋಗುವ ಒಪ್ಪಂದ. ಮದರಾಸಿನ ಎನ್‌ಫೀಲ್ಡ್ ಬುಲೆಟ್, ಪೋಲೆಂಡ್ ಮೂಲದ ರಾಜದೂತ್ ಗಾಡಿಗಳು ನೆಲೆಯೂರಿದ್ದೂ ಇದೇ ಬಗೆಯಲ್ಲಿ. ಐಡಿಯಲ್ ಜಾವಾ ಎಂಬ ಹೆಸರಿನ ಈ ಕಾರ್ಖಾನೆ ಮೈಸೂರು ರೈಲು ನಿಲ್ದಾಣಕ್ಕೆ ಸಮೀಪದ ಯಾದವಗಿರಿಯಲ್ಲಿ ಎದ್ದಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. ಗಂಧದೆಣ್ಣೆ, ರೇಷ್ಮೆ ನೇಯ್ಗೆ, ಹತ್ತಿ ಗಿರಣಿಗಳೆಲ್ಲ ಅರಮನೆಯ ಕಾಲದ ಉದ್ಯಮಗಳಾಗಿದ್ದವು. ಗಣರಾಜ್ಯದ ಕಾಲದಲ್ಲಿ ಹುಟ್ಟಿ, ಊರಿನ ಹೆಸರನ್ನು ದೇಶದ ರಸ್ತೆಗಳ ಮೇಲೆ ಓಡಾಡಿಸಿದ ಮೊದಲ ದೊಡ್ಡ ಯಂತ್ರೋದ್ಯಮವೆಂಬ ಸ್ಥಾನ ಇದಕ್ಕೆ ಸಲ್ಲಬೇಕು.

ಯಂತ್ರವನ್ನು ಹತ್ತಿರದಿಂದ ನೋಡದೆ ಅದರ ಸಾಮಾಜಿಕ ಚರಿತ್ರೆ ಅರ್ಥವಾಗದು. ಇಲ್ಲಿ ಮೊದಲು ತಯಾರಾದದ್ದು ಸುಮಾರು 250 ಸಿಸಿಯ, ಒಂದೇ ಸಿಲಿಂಡರಿನ, ಟೂ-ಸ್ಟ್ರೋಕ್ ಎಂಜಿನ್ನಿನ ಗಾಡಿ. ಟೂ-ಸ್ಟ್ರೋಕ್ ಎಂದರೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಒಂದು ದಹನ ಚಕ್ರ ಮುಗಿಯುವ ವ್ಯವಸ್ಥೆ. ಇದರಲ್ಲಿ ವಾಲ್ವುಗಳ ಗೊಡವೆಯಿಲ್ಲ, ಚಲಿಸುವ ಭಾಗಗಳೂ ಕಡಿಮೆ, ಆದರೆ ಎಂಜಿನ್ನಿನ ಒಳಭಾಗಕ್ಕೆ ಜಿಡ್ಡು ಒದಗಿಸಲು ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಲೀಟರಿಗೆ 40 ಮಿಲಿಲೀಟರಿನ ಆಸುಪಾಸಿನಲ್ಲಿ ಬೆರೆಸಿದ ಈ ಆಯಿಲೇ ಜಾವಾದ ನೀಲಿ ಹೊಗೆಗೆ ಮೂಲ. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್, ಕೆಸರು ತಾಕದಂತೆ ಚೈನನ್ನು ಪೂರ್ತಿ ಮುಚ್ಚುವ ಚೈನ್ ಕೇಸು, ಇವು ಅದರ ಗುರುತುಗಳು. ಎಲ್ಲಕ್ಕಿಂತ ವಿಶಿಷ್ಟವಾದದ್ದು ಎಡಗಾಲಿನ ಲಿವರು: ಕಿಕ್ ಹೊಡೆಯುವುದೂ ಗೇರು ಹಾಕುವುದೂ ಅದರಿಂದಲೇ. ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್. ಎಂಜಿನ್ ಹತ್ತಿಕೊಂಡ ಮೇಲೆ ಮುಂದಕ್ಕೆ ಮರಳಿಸಿದರೆ ಗೇರಿನ ಲಿವರು. ಗೇರು ಒತ್ತುವಾಗ ಕ್ಲಚ್ ತಾನಾಗಿ ಬಿಡುವ ಏರ್ಪಾಡೂ ಇತ್ತು. ಹೊಸಬರಿಗೆ ಇದು ಪೇಚಾಟವೆನಿಸಿದರೂ ಒಮ್ಮೆ ಕಾಲಿಗೆ ಕೂತರೆ ಬೇರೆ ಗಾಡಿಯ ಗೇರೇ ಒಗ್ಗದಂತಾಗುತ್ತಿತ್ತು.

ಈ ಸರಳತೆಯಿಂದಾಗಿ ಗಾಡಿ ಮಾಲೀಕನ ಕೈಗೇ ಸಿಗುತ್ತಿತ್ತು. ಪ್ಲಗ್ ಬಿಚ್ಚಿ ಉಜ್ಜುವುದು, ಕಿಡಿ ಹಾರಿಸುವ ಪಾಯಿಂಟುಗಳ ಸಂದನ್ನು ಸರಿಪಡಿಸುವುದು, ಹೆಡ್ಡು ಬಿಚ್ಚಿ ಪಿಸ್ಟನ್ನಿನ ನೆತ್ತಿಗೆ ಹತ್ತಿದ ಕರಿಯನ್ನು ಕೆರೆಯುವುದು, ಸೈಲೆನ್ಸರಿನೊಳಗಿನ ಕೊಳವೆಯನ್ನು ಎಳೆದು ಮಸಿ ತೆಗೆಯುವುದು, ಇವೆಲ್ಲ ಒಂದು ಭಾನುವಾರದ ಬೆಳಗಿನಲ್ಲಿ, ಮನೆಯಂಗಳದಲ್ಲಿ, ನಾಲ್ಕಾರು ಸ್ಪ್ಯಾನರುಗಳಿಂದ ಮುಗಿಯುವ ಕೆಲಸಗಳಾಗಿದ್ದವು. ಮೈಸೂರಿನಲ್ಲಿ ಇನ್ನೊಂದು ಅನುಕೂಲವೂ ಇತ್ತು: ಪಕ್ಕದ ಬೀದಿಯಲ್ಲೋ ಎದುರು ಮನೆಯಲ್ಲೋ ಕಾರ್ಖಾನೆಯ ನೌಕರನೊಬ್ಬ ಇರುವ ಸಂಭವ ಹೆಚ್ಚು. ಕಂಪನಿಯ ವಿದ್ಯೆ ಹೀಗೆ ಗೇಟು ದಾಟಿ ಊರಿನ ವಿದ್ಯೆಯಾಯಿತು.

ಹಳೆಯ ಮೈಸೂರಿನ ಸೀಮೆಯಲ್ಲಿ ಮನೆಗಳಿಗೂ ಬೇಸಿಗೆ ರಿಪೇರಿಯ ಕಾಲ. ಯುಗಾದಿಗೆ ಮೊದಲು ಸುಣ್ಣಕ್ಕೆ ಒಂದಿಷ್ಟು ನೀಲಿ ಬೆರೆಸಿ ಗೋಡೆಗೆ ಬಳಿಯುವುದು, ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸುವುದು ತಲೆಮಾರುಗಳಿಂದ ನಡೆದುಬಂದ ಕ್ರಮ. ಹೆಂಚು ಕೈಯಾಡಿಸುವುದೆಂದರೆ ಸೂರಿನ ಹೆಂಚುಗಳನ್ನು ಸಾಲುಸಾಲಾಗಿ ಇಳಿಸಿ, ಒಡೆದದ್ದನ್ನು ಬದಲಿಸಿ, ಕಸಕಡ್ಡಿ ಗುಡಿಸಿ ಮತ್ತೆ ಹೊದಿಸುವುದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಒಳನಾಡಿಗೂ ಹಬ್ಬಿತು. ನಾಡಹೆಂಚಿಗಿಂತ ಗಟ್ಟಿಯಾದ ಇದರಿಂದ ಕೈಯಾಡಿಸುವ ಶ್ರಮ ಇಳಿಯಿತೇ ಹೊರತು ಪೂರ್ತಿ ತಪ್ಪಲಿಲ್ಲ. ತಾರಸಿ ಮನೆಗಳು ಬಂದ ಮೇಲೆ ಹೆಂಚಿನ ಜಾಗಕ್ಕೆ ಸೋರುವ ತಾರಸಿಯ ಬಿರುಕು ಮುಚ್ಚುವುದು, ಸಂಪು ತೊಳೆಸುವುದು, ಕಿಟಕಿ ಗ್ರಿಲ್ಲಿಗೆ ಬಣ್ಣ ಹೊಡೆಯುವುದು ಬಂದವು. ಅದೇ ತಾರಸಿಯ ಮೇಲೆ ಹಪ್ಪಳ ಸಂಡಿಗೆ ಒಣಗಿಸುವ ಹಕ್ಕಿಗಾಗಿ ಮನೆಯೊಡತಿ ಮತ್ತು ಗಾರೆಯವನ ನಡುವೆ ನಡೆಯುವ ಚೌಕಾಸಿಯಂತೂ ಇನ್ನೂ ನಿಂತಿಲ್ಲ. ನೌಕರಿಯಲ್ಲಿದ್ದಾಗ ಆಳುಗಳಿಗೆ ಒಪ್ಪಿಸುತ್ತಿದ್ದ ಈ ಕೆಲಸಗಳಿಗೆ ನಿವೃತ್ತಿಯ ನಂತರ ದಂಪತಿಗಳು ತಾವೇ ಇಳಿಯುವುದಕ್ಕೆ ಬಿಡುವು ಒಂದು ಕಾರಣವಾದರೆ, ಅಳತೆಯ ವರಮಾನ ಇನ್ನೊಂದು ಕಾರಣ.

ಬೇಸಿಗೆ ನೆಂಟರ ಭೇಟಿಯ ಕಾಲವೂ ಹೌದು: ಶಾಲೆಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ರಜೆ. ವೈಶಾಖ ಮಾಸದಲ್ಲಿ ಮದುವೆಗಳ ಭರಾಟೆ. ಮೈಸೂರು ಸೀಮೆಯ ಅನೇಕ ಸಮುದಾಯಗಳಲ್ಲಿ ಮದುವೆಗೆ ಕರೆಯುವ ಶಾಸ್ತ್ರವೆಂದರೆ ಲಗ್ನಪತ್ರಿಕೆಯನ್ನು ಅಂಚೆಗೆ ಹಾಕಿ ಕೈತೊಳೆದುಕೊಳ್ಳುವುದಲ್ಲ. ಗಂಡ ಹೆಂಡತಿ ಜೊತೆಯಾಗಿ ಮನೆಮನೆಗೆ ಹೋಗಿ, ಮನೆಯೊಡತಿಗೆ ಕುಂಕುಮ ಕೊಟ್ಟು, ಪತ್ರಿಕೆಯೊಂದಿಗೆ ಅಕ್ಷತೆ ಇಟ್ಟು ಕರೆಯಬೇಕು. ಒಬ್ಬರೇ ಬಂದು ಕರೆದರೆ ಅದು ಅರ್ಧ ಕರೆ. ಬಸ್ಸಿನ ಕಾಲದಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಈ ಸುತ್ತಾಟವನ್ನು ಎರಡು ಸೀಟಿನ ಮೋಟಾರ್‌ಸೈಕಲ್ ಕೆಲವೇ ದಿನಗಳಿಗೆ ಇಳಿಸಿತು. ಸುಮಾರು 15 ಕಿಲೋಮೀಟರಿನ ಶ್ರೀರಂಗಪಟ್ಟಣ, 25ರೊಳಗಿನ ನಂಜನಗೂಡು, 50ರ ಆಸುಪಾಸಿನ ಮೇಲುಕೋಟೆ, ಇವೆಲ್ಲ ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ಒಂದು ಮನೆ, ಕಾಫಿಯ ಹೊತ್ತಿಗೆ ಇನ್ನೊಂದು ಮನೆ ಮುಗಿಸಿ ಮರಳಬಹುದಾದ ದೂರಗಳಾದವು. ವೇಗದ ಹುಚ್ಚಿನ ತರುಣರಿಗೆಂದು ಹೊರಗಿನವರು ತಿಳಿಯುವ ಯಂತ್ರ ಮೈಸೂರಿನಲ್ಲಿ ನೆಂಟಸ್ತಿಕೆಯ ವಾಹನವಾಗಿ ಪಳಗಿತು ಎಂಬುದೇ ಈ ಚರಿತ್ರೆಯ ತಿರುಳು.

ಈ ಪಳಗುವಿಕೆಯ ಗುರುತು ಗಾಡಿಯ ಮೈಮೇಲೆಯೇ ಇದೆ. ಸೀರೆಯುಟ್ಟ ಹೆಂಗಸರು ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವುದರಿಂದ ಸೆರಗು ಚಕ್ರದ ಕಡ್ಡಿಗಳಿಗೆ ಸಿಕ್ಕುವ ಅಪಾಯವಿತ್ತು. ಅದನ್ನು ತಡೆಯಲು ಹಿಂಚಕ್ರದ ಎಡಪಕ್ಕಕ್ಕೆ ಹಾಕುವ ಸರಳಿನ ಜಾಲರಿಗೆ ಸೀರೆ ಗಾರ್ಡ್ ಎನ್ನುತ್ತಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ, ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಮೆಟ್ಟು ಮತ್ತು ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷೆ ಇರಬೇಕೆಂದು ವಿಧಿಸುತ್ತದೆ. ಭಾರತೀಯ ಗೃಹಿಣಿಯ ಉಡುಪು ಹೀಗೆ ವಾಹನ ಕಾನೂನಿನೊಳಗೆ ಸೇರಿಕೊಂಡಿತು. ಹಿಂದೆ ಒಬ್ಬರೇ ಕೂರಬೇಕೆಂದು 1988ರ ಕಾಯ್ದೆ ಹೇಳಿದ್ದರೂ, ಟ್ಯಾಂಕಿನ ಮೇಲೆ ಒಂದು ಮಗು, ನಡುವೆ ಇನ್ನೊಂದು ಮಗು ಕೂತ ಸಂಸಾರಯಾತ್ರೆಗಳು ನಡೆದೇ ಇದ್ದವು; ಅದನ್ನು ಈಗ ಸೊಗಸಿನ ನೆನಪಾಗಿ ಬಣ್ಣಿಸುವವರಿದ್ದಾರೆ, ಆದರೆ ಅದು ಅಪಾಯಕಾರಿಯಾಗಿತ್ತು ಎಂಬುದನ್ನು ಮರೆಯಬಾರದು.

ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ಬಂದ ರೋಡ್‌ಕಿಂಗ್ ಅದರ ಹೆಚ್ಚು ಹೆಸರಾದ ಮಾದರಿ. ಎಂಬತ್ತರ ದಶಕದ 350 ಸಿಸಿಯ ಜೋಡಿ ಸಿಲಿಂಡರಿನ ಗಾಡಿ ದುಬಾರಿಯಾಗಿ ಹೆಚ್ಚು ಕಾಲ ಬಾಳಲಿಲ್ಲ. 1984ರಿಂದ ಜಪಾನಿ ಸಹಯೋಗದ 100 ಸಿಸಿ ಗಾಡಿಗಳು ಒಂದರ ಹಿಂದೊಂದು ಬಂದವು, ಅವುಗಳಲ್ಲಿ 1985ರ ಹೀರೋ ಹೋಂಡಾ ಸಿಡಿ 100 ಫೋರ್-ಸ್ಟ್ರೋಕ್ ಎಂಜಿನ್ನಿನದು. ಅದಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕಿಲ್ಲ, ಹೊಗೆಯಿಲ್ಲ. ಯೆಜ್ಡಿ ಲೀಟರಿಗೆ ಸುಮಾರು 30 ಕಿಲೋಮೀಟರ್ ಓಡುತ್ತಿದ್ದರೆ ಇದು ಅದರ ದುಪ್ಪಟ್ಟಿಗಿಂತ ಹೆಚ್ಚು ಓಡುತ್ತಿತ್ತು. ಪೆಟ್ರೋಲಿನ ಬೆಲೆ ಏರುತ್ತಿದ್ದ ಕಾಲದಲ್ಲಿ ಸಂಬಳದ ಸಂಸಾರ ಯಾವ ಕಡೆ ವಾಲೀತು ಎಂಬುದನ್ನು ಬೇರೆ ಹೇಳಬೇಕಿಲ್ಲ. 1991ರಲ್ಲಿ ಜಾರಿಗೆ ಬಂದು 1996ರಲ್ಲಿ ಬಿಗಿಯಾದ ಹೊಗೆ ನಿಯಮಗಳು ಟೂ-ಸ್ಟ್ರೋಕ್ ಎಂಜಿನ್ನಿಗೆ ಇನ್ನಷ್ಟು ಕಷ್ಟ ತಂದವು. ಕಾರ್ಖಾನೆಯೊಳಗೆ ಕಾರ್ಮಿಕರಿಗೂ ಆಡಳಿತಕ್ಕೂ ತಿಕ್ಕಾಟವೂ ಇತ್ತು. ಜಪಾನಿನವರು ಬಂದು ಮುಳುಗಿಸಿದರೆಂಬ ಮಾತು ಊರಿನಲ್ಲಿ ಚಾಲ್ತಿಯಲ್ಲಿದೆಯಾದರೂ ಅದು ಪೂರ್ಣ ಸತ್ಯವಲ್ಲ. ಐವತ್ತರ ದಶಕದ ಜೆಕ್ ವಿನ್ಯಾಸವನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ತೊಂಬತ್ತರ ದಶಕದವರೆಗೆ ಮಾರಿದ ಕಂಪನಿಯ ಪಾಲೂ ಅದರಲ್ಲಿದೆ. 1996ರಲ್ಲಿ ಉತ್ಪಾದನೆ ನಿಂತಿತು.

ಪಿಂಚಣಿದಾರರ ಸ್ವರ್ಗವೆಂಬ ಮಾತು ಇಲ್ಲಿ ಸ್ವಲ್ಪ ತೊಡರುತ್ತದೆ. ಸರ್ಕಾರಿ ನೌಕರನಿಗೆ ಕೊನೆಯ ಸಂಬಳದ ಲೆಕ್ಕದಲ್ಲಿ ಪಿಂಚಣಿ ಬರುತ್ತಿತ್ತು. ಖಾಸಗಿ ಕಾರ್ಖಾನೆಯ ಕಾರ್ಮಿಕನಿಗೆ ಇದ್ದ ಮುಖ್ಯ ಆಸರೆ 1952ರ ಕಾಯ್ದೆಯ ಭವಿಷ್ಯನಿಧಿ, ಅಂದರೆ ಪಿ.ಎಫ್. ಖಾಸಗಿ ವಲಯಕ್ಕೆ ತಿಂಗಳ ಪಿಂಚಣಿ ಕೊಡುವ ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರಿನಲ್ಲಿ, ಯಾದವಗಿರಿಯ ಯಂತ್ರಗಳು ನಿಲ್ಲುವುದಕ್ಕೆ ಕೊಂಚ ಮೊದಲು. ಹತ್ತು ವರ್ಷದ ಸೇವೆಯುಳ್ಳವರಿಗೆ 58ನೆಯ ವಯಸ್ಸಿನಿಂದ ಸಿಗುವ ಈ ಪಿಂಚಣಿಯ ಕನಿಷ್ಠ ಮೊತ್ತ 1,000 ರೂಪಾಯಿ ಎಂದು ನಿಗದಿಯಾದದ್ದು 2014ರಲ್ಲಿ. ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದ ಇಬ್ಬರು ನಿವೃತ್ತರ ಬೇಸಿಗೆ ಒಂದೇ ಬಗೆಯದಲ್ಲ: ಒಬ್ಬರಿಗೆ ಬೈಕಿನ ಸವಾರಿ ಹವ್ಯಾಸ, ಇನ್ನೊಬ್ಬರಿಗೆ ಬೈಕಿನ ರಿಪೇರಿ ಜೀವನೋಪಾಯ. ಕಾರ್ಖಾನೆ ಮುಚ್ಚಿದರೂ ಗಾಡಿ ಉಳಿದದ್ದು ಈ ಎರಡನೆಯವರಿಂದ, ಸಣ್ಣ ಗ್ಯಾರೇಜುಗಳಲ್ಲಿ ಸಿಲಿಂಡರಿನ ಬೋರು ಕೊರೆದು, ಕ್ರ್ಯಾಂಕು ಜೋಡಿಸಿ, ಹಳೆಯ ಭಾಗಕ್ಕೆ ಹೊಸ ಜೀವ ಕೊಟ್ಟವರಿಂದ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ನಾನಾ ಊರುಗಳಲ್ಲಿ ಹಳೆಯ ಗಾಡಿಗಳು ಸೇರುತ್ತವೆ. ಬೇಸಿಗೆಯಲ್ಲಿ ಅಂಗಳದಲ್ಲಿ ಬಿಚ್ಚಿ ಜೋಡಿಸಿದ ಎಂಜಿನ್ನುಗಳಿಗೆ ಅಂದು ಪರೀಕ್ಷೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಪೇಟೆಗೆ ಬಂದಿವೆ. ಅವು ಫೋರ್-ಸ್ಟ್ರೋಕ್ ಗಾಡಿಗಳು, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರಿನ ಹೊರತು ಮೈಸೂರಿನ ಕೈ ಅವುಗಳಲ್ಲಿಲ್ಲ. ಯಾದವಗಿರಿಯ ಕಾರ್ಖಾನೆಯ ಬಗ್ಗೆ ಈವರೆಗೆ ಬಂದ ಬರಹಗಳೆಲ್ಲ ಹೆಚ್ಚಾಗಿ ಮಾದರಿ, ಸಿಸಿ ಮತ್ತು ಬಣ್ಣಗಳ ಪಟ್ಟಿಗಳು. ಅಲ್ಲಿ ದುಡಿದವರ ಪಾಳಿ, ಸಂಬಳ, ಸಂಘ, ಸೈಟು ಮತ್ತು ಸಂಸಾರಗಳ ವಿವರ ಅವರ ನೆನಪಿನಲ್ಲೇ ಉಳಿದಿದೆ. ಮೊದಲ ತಂಡದಲ್ಲಿ ಇಪ್ಪತ್ತರ ವಯಸ್ಸಿಗೆ ಕೆಲಸಕ್ಕೆ ಸೇರಿದವರು ಈಗ ಎಂಬತ್ತು ದಾಟಿದ್ದಾರೆ. ಮೈಸೂರಿನ ವಿಶ್ವವಿದ್ಯಾನಿಲಯವೋ ಸ್ಥಳೀಯ ಇತಿಹಾಸಾಸಕ್ತರೋ ಅವರನ್ನೂ ಅವರ ಮನೆಯವರನ್ನೂ ಕಂಡು, ಕೇಳಿ, ಬರೆದಿಡುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು.